ಗುರುವಾರದ ತಪ್ಪು

ಚಿಖಲಿಯ ಇಳಿಜಾರಿನ ಬಾರಿನಲ್ಲಿ ನಮ್ಮ ವೇದಿಕೆ ಎಂದರೆ
ಕೈತೊಳೆಯುವ ಬೇಸಿನ್ನಿಗೂ ಫ್ರಿಜ್ಜಿಗೂ ನಡುವೆ
ಎರಡು ಚಾಪೆಯಗಲ ಜಾಗ.
ಉಂಡವರು ಕೈ ತೊಳೆಯಲು ಬಂದರೆ
ಕೀಬೋರ್ಡಿನ ಉಲ್ಲಾಸ ಗಾವಣೇಕರ
ಹೊಟ್ಟೆ ಒಳಗೆಳೆದುಕೊಂಡು ದಾರಿ ಬಿಡುತ್ತಾನೆ,
ಬೆರಳು ಮಾತ್ರ ಮನೆಗಳ ಮೇಲೆಯೇ.

ಗುರುವಾರಕ್ಕೊಮ್ಮೆ ನಾವು ಬ್ಯಾಂಡು.
ಮಿಕ್ಕ ದಿನ ಉಲ್ಲಾಸ ವಿಮೆ ಮಾರುತ್ತಾನೆ,
ಡ್ರಮ್ಮಿನ ಕಾಯ್ತಾನ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಾನೆ,
ಹಾಡುವ ಫಿಲೂ ಆಸ್ಪತ್ರೆಯಲ್ಲಿ
ರಾತ್ರಿಪಾಳಿ ಬದಲಿಸಿಕೊಳ್ಳಲು ಈ ಸಲ
ಯಾರ ಕಾಲು ಹಿಡಿಯಲಿ ಎಂದು ಯೋಚಿಸುತ್ತಾಳೆ.
ನಾನು ಫಕೀರಪ್ಪ, ವಾಸ್ಕೋ ಗೂಡ್ಸ್ ಶೆಡ್ಡಿನಲ್ಲಿ
ವ್ಯಾಗನ್ ಎಣಿಸುವ ಗುಮಾಸ್ತ.
ಇವರ ಬಾಯಲ್ಲಿ ಬರೀ ಫಕೀರ್.
ಸಂಭಾವನೆ ಹಂಚಿಕೊಳ್ಳುವಾಗ ಅದೇ ಸರಿ ಅನಿಸುತ್ತದೆ.

ನನ್ನದು ಬಾಸ್ ಗಿಟಾರು. ನಾಲ್ಕೇ ತಂತಿ.
ಹಿತ್ತಲ ಮೋಟಾರು ನಿಂತಾಗಲೇ
ಅದು ಇಷ್ಟು ಹೊತ್ತೂ ಓಡುತ್ತಿತ್ತೆಂದು ತಿಳಿಯುವುದಲ್ಲ,
ಅಂಥ ವಾದ್ಯ.
ಹೆಂಡತಿ ಕೇಳುತ್ತಾಳೆ:
ಎಲ್ಲಾ ಹಾಡಿಗೂ ಒಂದೇ ನಮೂನಿ ಬಾರಸ್ತೀರಲ್ಲರೀ?

ಅವತ್ತು ಟೀವಿಯಲ್ಲಿ ಮ್ಯಾಚು. ಮಾಲೀಕ ಅದರ ಸದ್ದು ಆರಿಸಿದ್ದ,
ನಮಗೆ ಸಂದ ಗೌರವ ಅಷ್ಟು.
ಒಂಬತ್ತು ಜನ. ಇಬ್ಬರು ಕಾಯ್ತಾನನ ಮನೆಯವರು.
ಮೂಲೆಯಲ್ಲಿ ಮೇಜಿಗೆ ಹಣೆಯೂರಿದ ಮೆನೀನ್,
ಉರಾಕಿನ ಗ್ಲಾಸಿಗೆ ಕಿವಿ ಕೊಟ್ಟು ಮಲಗಿದಂತೆ.
ವಿಕೆಟ್ ಬಿದ್ದು ಚಪ್ಪಾಳೆ ಎದ್ದಿತು;
ಫಿಲೂ ನಮಗೆಂದುಕೊಂಡು ತಲೆ ಬಾಗಿದಳು.
ಮೈಕು ತುಟಿಗೆ ತಾಗಿದರೆ ಶಾಕ್ ಹೊಡೆಯುತ್ತದೆ,
ಅದಕ್ಕೆ ಕರವಸ್ತ್ರ ಸುತ್ತಿದ್ದಾಳೆ, ಮಗುವಿಗೆ ನೆಗಡಿಯಾದ ಹಾಗೆ.

ಮೂರನೆಯ ಹಾಡು. ಎರಡನೆಯ ಚರಣ.
ಸ್ವರ ಇಳಿಯಬೇಕಾದ ಕಡೆ
ದಿನಕ್ಕೆ ಐವತ್ತೆಂಟು ವ್ಯಾಗನ್ ಎಣಿಸುವ ನಾನು
ನಾಲ್ಕು ಎಣಿಸಲಾರದೆ ತಪ್ಪಿದೆ.
ಬೆರಳು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿತು.
ಕಾಯ್ತಾನ ಸಿಂಬಲ್ ಬಡಿದು ಮುಚ್ಚಿದ,
ಫಿಲೂ ಒಂದು ಉಸಿರು ಹೆಚ್ಚು ಎಳೆದಳು,
ಉಲ್ಲಾಸ ನನ್ನ ಕಡೆ ನೋಡಲೇ ಇಲ್ಲ,
ಅದು ಅವನ ದೊಡ್ಡತನ.
ಯಾರಿಗೂ ತಿಳಿಯಲಿಲ್ಲ. ಟೀವಿಯಲ್ಲಿ ಸಿಕ್ಸರು.

ಆಗ ಮೆನೀನ್ ತಲೆಯೆತ್ತಿದ.
ಟ್ರಾಲರ್ ಎಂಜಿನ್ನುಗಳ ಕೆಮ್ಮು ಕೇಳಿಯೇ
ರೋಗ ಹೇಳುವ ಮೆನೀನ್,
ಹಣೆಯ ಮೇಲೆ ಮೇಜಿನಂಚಿನ ಗೆರೆ,
ಬೆರಳು ನೇರ ನನ್ನ ಎದೆಗೆ:
ಚುಕ್ಲೊ! ಥಂಯ್ ಚುಕ್ಲೊ!
ತಪ್ಪಿದ, ಅಲ್ಲಿ ತಪ್ಪಿದ ಎಂದು ಸಾರಿ
ಹಣೆಯನ್ನು ಮತ್ತೆ ಅದೇ ಗೆರೆಗೆ ಹೊಂದಿಸಿ ಇಟ್ಟ.

ನಾಚಿಕೆಯಾಗಬೇಕಿತ್ತು.
ಕಾಯ್ತಾನ ಹಲ್ಲು ಬಿಟ್ಟ. ಫಿಲೂಗೆ ನಗು ಉಕ್ಕಿ
ಅರ್ಧ ಸಾಲು ಕರವಸ್ತ್ರದೊಳಗೇ ಉಳಿಯಿತು.
ಎಂಟು ತಿಂಗಳಾಗಿತ್ತು ಇಲ್ಲಿ ಬಾರಿಸಲು ಹತ್ತಿ.
ಒಬ್ಬ ಕೇಳುತ್ತಿದ್ದ.
ಅದೂ ನನ್ನನ್ನು, ಈ ನಾಲ್ಕು ತಂತಿಯವನನ್ನು.

ತಲಾ ಮುನ್ನೂರು, ಒಡೆದ ಗ್ಲಾಸಿಗೆ ಅರವತ್ತು ಮುರಿದು.
ಹುರಿದ ಬಾಂಗಡೆ ಮಾಲೀಕನ ಲೆಕ್ಕ.
ಸ್ಕೂಟರಿನಲ್ಲಿ ಬೆನ್ನಿಗೆ ಗಿಟಾರು,
ಕಾಲ ನಡುವೆ ಇನ್ನೂ ಬೆಚ್ಚಗಿದ್ದ ಆಂಪ್ಲಿಫೈಯರು,
ಬಂದರಿನ ದೀಪಗಳತ್ತ ಇಳಿಯುವಾಗ
ಬ್ರೇಕಿನ ಹಿಡಿಯ ಮೇಲೆ ಆ ತಿರುವನ್ನು ಬಡಿಯುತ್ತ ಹೋದೆ.
ವಾರವೆಲ್ಲ ಬಡಿದೆ, ವ್ಯಾಗನ್ನಿನ ಬಿಸಿ ತಗಡಿನ ಮೇಲೆ,
ಊಟದ ಡಬ್ಬಿಯ ಮೇಲೆ, ನಿದ್ದೆಯಲ್ಲಿ ಹೆಂಡತಿಯ ಭುಜದ ಮೇಲೂ.

ಮತ್ತೆ ಗುರುವಾರ. ಅದೇ ಹಾಡು, ಅದೇ ಚರಣ.
ಇಳಿದೆ. ಸರಿಯಾಗಿಯೇ ಇಳಿದೆ,
ಕಣ್ಣು ಮೂಲೆಯ ಮೇಜಿನ ಮೇಲೆ.
ಮೆನೀನ್ ತಲೆಯೆತ್ತಲಿಲ್ಲ.
ನಿದ್ದೆಯೋ, ಒಪ್ಪಿಗೆಯೋ.
ಹೋಗಿ ಕೇಳೋಣವೆಂದರೆ
ಹಾಡಿನಲ್ಲಿ ಇನ್ನೂ ಒಂದು ಚರಣ ಬಾಕಿ ಇತ್ತು.